ಹತ್ತು ಕೋಟಿಯ ಗೆರೆ ಎಳೆದರೆ ಕಾಮಗಾರಿಯ ಕ್ಲೇಮು ನಿಲ್ಲುತ್ತದೆಯೇ?

2024ರ ಜೂನ್ 3ರಂದು ಕೇಂದ್ರ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ ಒಂದು ಕಚೇರಿ ಜ್ಞಾಪನ ಹೊರಡಿಸಿತು. ಸರ್ಕಾರಿ ಖರೀದಿ ಮತ್ತು ಕಾಮಗಾರಿಗಳ ಕರಾರಿನಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥಗಾರರಿಂದ ತೀರ್ಮಾನ) ಕಲಮನ್ನು ರೂಢಿಯಂತೆ ಸೇರಿಸುತ್ತ ಹೋಗಬೇಡಿ, ಸೇರಿಸಿದರೂ ಹತ್ತು ಕೋಟಿ ರೂಪಾಯಿಗಿಂತ ಕಡಿಮೆ ಮೌಲ್ಯದ ವ್ಯಾಜ್ಯಗಳಿಗೆ ಮಾತ್ರ ಇರಲಿ ಎಂಬುದು ಅದರ ತಿರುಳು. 2025ರ ಏಪ್ರಿಲ್‌ನಲ್ಲಿ ದೆಹಲಿ ಲೋಕೋಪಯೋಗಿ ಇಲಾಖೆ ಇನ್ನೂ ಮುಂದೆ ಹೋಯಿತು. ಹೊಸ ಕರಾರುಗಳಲ್ಲಿ ಆರ್ಬಿಟ್ರೇಷನ್ ಕಲಮೇ ಬೇಡ, ಜಗಳವಿದ್ದರೆ ಕೋರ್ಟಿಗೆ ಹೋಗಲಿ ಎಂದು ತೀರ್ಮಾನಿಸಿತು.

ಈ ಸುದ್ದಿಗಳ ಬಗ್ಗೆ ಗುತ್ತಿಗೆದಾರರಲ್ಲೂ ಇಲಾಖೆಗಳ ಎಂಜಿನಿಯರುಗಳಲ್ಲೂ ಗೊಂದಲ ಉಳಿದೇ ಇದೆ. ಹತ್ತು ಕೋಟಿ ದಾಟಿದ ಕಾಮಗಾರಿಗೆ ಇನ್ನು ಕ್ಲೇಮು, ಅಂದರೆ ಹೆಚ್ಚುವರಿ ಹಣ ಅಥವಾ ಕಾಲದ ಬೇಡಿಕೆ, ಮಾಡುವಂತಿಲ್ಲವೇ? ಈಗಾಗಲೇ ಸಹಿಯಾದ ಕರಾರಿನ ಗತಿ ಏನು? ರಾಜ್ಯ ಸರ್ಕಾರದ ಟೆಂಡರಿಗೂ ಇದು ಅನ್ವಯಿಸುತ್ತದೆಯೇ? ಇವಕ್ಕೆ ಉತ್ತರ ಕೊಡುವುದು ಸುಲಭ. ಕಷ್ಟದ ಪ್ರಶ್ನೆ ಬೇರೆ ಇದೆ. ವ್ಯಾಜ್ಯ ಎಲ್ಲಿ ತೀರ್ಮಾನವಾಗಬೇಕು ಎಂಬುದನ್ನು ಬದಲಿಸಿದರೆ ವ್ಯಾಜ್ಯ ಹುಟ್ಟುವುದು ಕಡಿಮೆಯಾಗುತ್ತದೆಯೇ ಎಂಬುದು.

ಜ್ಞಾಪನದಲ್ಲಿ ನಿಜವಾಗಿ ಇರುವುದೇನು

ಹತ್ತು ಕೋಟಿ ಎಂದಿರುವುದು ವ್ಯಾಜ್ಯದ ಮೌಲ್ಯಕ್ಕೆ, ಕರಾರಿನ ಮೊತ್ತಕ್ಕಲ್ಲ. 200 ಕೋಟಿಯ ಕಾಮಗಾರಿಯಲ್ಲಿ 6 ಕೋಟಿಯ ಜಗಳ ಎದ್ದರೆ, ಕರಾರಿನಲ್ಲಿ ಕಲಮು ಇದ್ದ ಪಕ್ಷದಲ್ಲಿ, ಅದು ಆರ್ಬಿಟ್ರೇಷನ್‌ಗೆ ಹೋಗಬಹುದು. ಹತ್ತು ಕೋಟಿಗಿಂತ ಮೇಲಿನದಕ್ಕೂ ಆರ್ಬಿಟ್ರೇಷನ್ ಇರಲಿ ಎನ್ನುವ ಇಲಾಖೆ ಕಾರಣಗಳನ್ನು ಬರೆದು ಹಿರಿಯ ಅಧಿಕಾರಿಯ ಅನುಮೋದನೆ ಪಡೆಯಬೇಕು. ದೊಡ್ಡ ವ್ಯಾಜ್ಯಗಳಿಗೆ 2023ರ ಮೀಡಿಯೇಷನ್ ಕಾಯ್ದೆಯಡಿ ಸಂಧಾನ, ಬೇಕಿದ್ದರೆ ನಿವೃತ್ತ ನ್ಯಾಯಾಧೀಶರು, ನಿವೃತ್ತ ಹಿರಿಯ ಅಧಿಕಾರಿಗಳು, ತಾಂತ್ರಿಕ ತಜ್ಞರಿರುವ ಉನ್ನತ ಮಟ್ಟದ ಸಮಿತಿ, ಅಲ್ಲೂ ಬಗೆಹರಿಯದಿದ್ದರೆ ನ್ಯಾಯಾಲಯ. ಇದು ಜ್ಞಾಪನ ತೋರಿಸುವ ದಾರಿ.

ಸಹಿ ಬಿದ್ದ ಕರಾರನ್ನು ಒಂದು ಜ್ಞಾಪನ ತಿದ್ದಲಾರದು. ಹಳೆಯ ಕರಾರಿನಲ್ಲಿ ಆರ್ಬಿಟ್ರೇಷನ್ ಇದ್ದರೆ, ಇಬ್ಬರೂ ಒಪ್ಪಿ ಬದಲಿಸುವ ತನಕ ಅದು ಇದ್ದೇ ಇರುತ್ತದೆ. ಜ್ಞಾಪನ ಬರೆದಿರುವುದು ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ಮತ್ತು ಬ್ಯಾಂಕುಗಳಿಗೆ. ಕರ್ನಾಟಕದ ಲೋಕೋಪಯೋಗಿ ಇಲಾಖೆಯನ್ನೋ ನೀರಾವರಿ ನಿಗಮಗಳನ್ನೋ ಅದು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೆ ರಾಜ್ಯದಲ್ಲಿ ಕೆಲಸ ಮಾಡುವ ಹೆದ್ದಾರಿ, ರೈಲ್ವೆ, ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರಿಗೆ ಇದು ಮನೆಬಾಗಿಲಿನ ವಿಷಯ.

ಕ್ಲೇಮು ಮಾಡುವ ಹಕ್ಕಿಗೂ ಆರ್ಬಿಟ್ರೇಷನ್‌ಗೂ ಸಂಬಂಧವಿಲ್ಲ. ಹಕ್ಕು ಬರುವುದು ಕರಾರಿನಿಂದ ಮತ್ತು 1872ರ ಕರಾರು ಕಾಯ್ದೆಯಿಂದ. ಬದಲಾಗುವುದು ಅದನ್ನು ತೀರ್ಮಾನಿಸುವ ವೇದಿಕೆ ಮಾತ್ರ.

ಸರ್ಕಾರಕ್ಕೆ ಬೇಸರವೇಕೆ

ಆರ್ಬಿಟ್ರೇಷನ್ ಬೇಗ ಮುಗಿಯಬೇಕಿತ್ತು, ಮುಗಿಯುತ್ತಿಲ್ಲ. ಕಡಿಮೆ ಖರ್ಚಿನದಾಗಬೇಕಿತ್ತು, ಆಗಿಲ್ಲ. ಅಂತಿಮವಾಗಬೇಕಿತ್ತು, ಬಂದ ತೀರ್ಪೆಲ್ಲ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತುತ್ತಿದೆ. ಮೇಲಾಗಿ ತೀರ್ಪಿನಲ್ಲಿ ಸಂಗತಿಗಳ ಗ್ರಹಿಕೆಯೋ ಕಾನೂನಿನ ಅನ್ವಯವೋ ತಪ್ಪಿದ್ದರೂ ಅದನ್ನು ಸರಿಪಡಿಸುವ ಅವಕಾಶ ಬಹಳ ಕಿರಿದು. ಜ್ಞಾಪನ ಕೊಡುವ ಕಾರಣಗಳು ಹೆಚ್ಚುಕಡಿಮೆ ಇವು.

ದೆಹಲಿ ಮೆಟ್ರೊ ನಿಗಮದ ಪ್ರಕರಣ ಈ ಅಸಮಾಧಾನಕ್ಕೆ ದೊಡ್ಡ ಉದಾಹರಣೆ. ವಿಮಾನನಿಲ್ದಾಣ ಮಾರ್ಗದ ಸಿವಿಲ್ ರಚನೆಯನ್ನು ನಿಗಮ ಕಟ್ಟಿತ್ತು, ಓಡಿಸುವ ಹೊಣೆ ಖಾಸಗಿ ಕಂಪನಿಯದು. ರಚನೆಯಲ್ಲಿ ದೋಷಗಳಿವೆ, ಕೊಟ್ಟ ಅವಧಿಯಲ್ಲಿ ಸರಿಪಡಿಸಲಿಲ್ಲ ಎಂದು ಕಂಪನಿ 2012ರಲ್ಲಿ ಕರಾರನ್ನು ಕೊನೆಗೊಳಿಸಿತು. 2017ರಲ್ಲಿ ಆರ್ಬಿಟ್ರೇಷನ್ ಪೀಠ ನಿಗಮದ ವಿರುದ್ಧ 2,782 ಕೋಟಿಗೂ ಹೆಚ್ಚಿನ ಮೊತ್ತ ಮತ್ತು ಬಡ್ಡಿ ಕೊಡುವಂತೆ ತೀರ್ಪಿತ್ತಿತು. ಹೈಕೋರ್ಟಿನ ಏಕಸದಸ್ಯ ಪೀಠ ಎತ್ತಿಹಿಡಿಯಿತು, ವಿಭಾಗೀಯ ಪೀಠ ರದ್ದು ಮಾಡಿತು, 2021ರಲ್ಲಿ ಸುಪ್ರೀಂ ಕೋರ್ಟ್ ಮರಳಿ ಎತ್ತಿಹಿಡಿಯಿತು, 2024ರ ಏಪ್ರಿಲ್ 10ರಂದು ಕ್ಯುರೇಟಿವ್ ಅರ್ಜಿಯಲ್ಲಿ (ತನ್ನದೇ ಅಂತಿಮ ತೀರ್ಪನ್ನು ತಿದ್ದಿಕೊಳ್ಳುವ ಕೊನೆಯ ಅವಕಾಶ) ಅದೇ ಕೋರ್ಟ್ ಆರ್ಬಿಟ್ರೇಷನ್ ತೀರ್ಪನ್ನು ತೆಗೆದುಹಾಕಿತು. ಅಷ್ಟರಲ್ಲಿ ಬಡ್ಡಿ ಬೆಳೆದು ಬಾಕಿ ಮೂಲ ಮೊತ್ತದ ಎರಡು ಪಟ್ಟನ್ನೂ ಮೀರಿತ್ತು. ಇದಾದ ಎರಡೇ ತಿಂಗಳಿಗೆ ಜ್ಞಾಪನ ಹೊರಬಿತ್ತು.

ಇನ್ನೊಂದು ಕಾರಣವನ್ನು ಜ್ಞಾಪನ ಮುಚ್ಚಿಡುವುದಿಲ್ಲ. ತೀರ್ಪು ಸರಿಯಿದೆ ಅನಿಸಿದರೂ ಅದನ್ನು ಒಪ್ಪಿ ಹಣ ಕೊಡಲು ಅಧಿಕಾರಿಗಳು ಹಿಂಜರಿಯುತ್ತಾರೆ. ನಾಳೆ ಆಡಿಟ್ ಕೇಳಿದರೆ, ವಿಜಿಲೆನ್ಸ್ ಬಂದರೆ ಎಂಬ ಭಯ. ಮೇಲ್ಮನವಿ ಹಾಕಿದ ಅಧಿಕಾರಿಯನ್ನು ಯಾರೂ ಪ್ರಶ್ನಿಸುವುದಿಲ್ಲ, ಹಾಕದವನನ್ನು ಪ್ರಶ್ನಿಸುತ್ತಾರೆ. ಈ ರೂಢಿ ಮುರಿಯಲೆಂದೇ, ತೀರ್ಪನ್ನು ಪ್ರಶ್ನಿಸಿದರೂ ಬ್ಯಾಂಕ್ ಗ್ಯಾರಂಟಿ ಪಡೆದು ಶೇ. 75 ಹಣ ಬಿಡುಗಡೆ ಮಾಡಬೇಕೆಂಬ ನಿಯಮ ಬಂದಿತ್ತು. 2023ರಲ್ಲಿ ‘ವಿವಾದ್ ಸೆ ವಿಶ್ವಾಸ್–2’ ಯೋಜನೆಯಡಿ ಕೋರ್ಟ್ ತೀರ್ಪಿನ ಶೇ. 85ರವರೆಗೆ, ಆರ್ಬಿಟ್ರೇಷನ್ ತೀರ್ಪಿನ ಶೇ. 65ರವರೆಗೆ ಕೊಟ್ಟು ಹಳೆಯ ವ್ಯಾಜ್ಯ ಮುಗಿಸುವ ಅವಕಾಶವನ್ನೂ ತೆರೆಯಲಾಗಿತ್ತು.

ಗುತ್ತಿಗೆದಾರರ ವಾದ

ಆರ್ಬಿಟ್ರೇಷನ್‌ಗೆ 1996ರ ಆರ್ಬಿಟ್ರೇಷನ್ ಕಾಯ್ದೆಯ 29ಎ ಸೆಕ್ಷನ್‌ನಲ್ಲಿ ಕಾಲಮಿತಿ ಇದೆ: ವಾದಪತ್ರಗಳು ಪೂರ್ಣಗೊಂಡ ಮೇಲೆ 12 ತಿಂಗಳು, ಇಬ್ಬರೂ ಒಪ್ಪಿದರೆ ಇನ್ನಾರು ತಿಂಗಳು. ಸಿವಿಲ್ ದಾವೆಗೆ ಅಂತಹ ಕಟ್ಟುನಿಟ್ಟಿಲ್ಲ. ಕೋರ್ಟ್ ಶುಲ್ಕ ಕ್ಲೇಮಿನ ಮೊತ್ತಕ್ಕೆ ತಕ್ಕಂತೆ ಏರುತ್ತದೆ. ನ್ಯಾಯಾಧೀಶರ ಮುಂದೆ ಬಾರ್ ಚಾರ್ಟು (ಕೆಲಸಗಳ ವೇಳಾಪಟ್ಟಿ), ಅಳತೆ ಪುಸ್ತಕ, ಪೈಲ್ (ನೆಲದಾಳಕ್ಕಿಳಿಸಿದ ಅಡಿಪಾಯದ ಕಂಬ) ಲಾಗ್‌ಗಳನ್ನು ಮೊದಲಿನಿಂದ ವಿವರಿಸಬೇಕು, ಆರ್ಬಿಟ್ರೇಟರ್ ಎಂಜಿನಿಯರ್ ಆಗಿದ್ದರೆ ಆ ಶ್ರಮ ಉಳಿಯುತ್ತದೆ. ಇಷ್ಟು ವರ್ಷ ಹಣ ಸಿಕ್ಕಿಕೊಳ್ಳುವುದಾದರೆ ಆ ಅಪಾಯದ ಬೆಲೆಯನ್ನು ಟೆಂಡರ್ ದರದಲ್ಲೇ ಸೇರಿಸುತ್ತೇವೆ, ಅಂದರೆ ಕೊನೆಗೆ ಕೊಡುವುದು ಸಾರ್ವಜನಿಕ ಬೊಕ್ಕಸವೇ ಎನ್ನುತ್ತಾರೆ ಅವರು.

ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಆದರೆ ಎರಡೂ ವಾದಗಳು ಕ್ಲೇಮು ಹುಟ್ಟಿದ ನಂತರದ ಕಥೆಯನ್ನೇ ಹೇಳುತ್ತವೆ. ಐದು ವರ್ಷದ ಬಳಿಕ ಯಾವ ಪೀಠದ ಮುಂದೆ ಕೂತರೂ ಅಲ್ಲಿ ತೆರೆಯುವುದು ಸೈಟಿನಲ್ಲಿ ಬರೆದ, ಅಥವಾ ಬರೆಯದೇ ಬಿಟ್ಟ, ಅದೇ ಪುಸ್ತಕಗಳನ್ನು. ಅಪಾಯವನ್ನು ನಿಭಾಯಿಸುವ ಕೆಲಸ ನಡೆಯಬೇಕಾದದ್ದೂ ಅಲ್ಲಿಯೇ.

ಕ್ಲೇಮು ಎಲ್ಲಿ ಮೊಳೆಯುತ್ತದೆ

ಮೊದಲ ಮೂಲ ಜಮೀನು. ಕಾರ್ಯಾದೇಶ ಕೈಗೆ ಬರುತ್ತದೆ, ಭೂಸ್ವಾಧೀನ ಮುಗಿದಿರುವುದಿಲ್ಲ. ಇದನ್ನು ತಡೆಯಲೆಂದೇ ರಾಷ್ಟ್ರೀಯ ಹೆದ್ದಾರಿ ಕರಾರುಗಳಲ್ಲಿ, ಮಾದರಿಗೆ ತಕ್ಕಂತೆ, ಶೇ. 80ರಿಂದ 90ರಷ್ಟು ಜಮೀನು ಮೊದಲೇ ಕೈಯಲ್ಲಿರಬೇಕೆಂಬ ಷರತ್ತು ಬಂದಿದೆ. ಆದರೆ ಶೇಕಡಾವಾರು ಲೆಕ್ಕ ಮೋಸಮಾಡಬಲ್ಲದು. ಉಳಿದ ಶೇ. 10 ಒಂದೇ ಕಡೆ ಇದ್ದರೆ ಒಂದು ಬೈಪಾಸ್ ತಡವಾಗುತ್ತದೆ, ಅಷ್ಟೆ. ಅದೇ ಜಮೀನು ಅಲ್ಲೊಂದು ಇಲ್ಲೊಂದು ತುಂಡಾಗಿ ಹರಡಿದ್ದರೆ ಪೇವರ್ ಯಂತ್ರ, ರೋಲರುಗಳು, ತಂಡ ಎಲ್ಲವೂ ತುಂಡಿನಿಂದ ತುಂಡಿಗೆ ಓಡಾಡಬೇಕು, ದಿನದ ಉತ್ಪಾದನೆ ಇಳಿಯುತ್ತದೆ. ಹಾಗಾಗಿ ಹಸ್ತಾಂತರ ಪತ್ರದಲ್ಲಿ ‘ಶೇ. 90 ಕೊಟ್ಟಿದೆ’ ಎಂದು ಬರೆದರೆ ಸಾಲದು. ಯಾವ ಚೈನೇಜಿನಿಂದ (ರಸ್ತೆಯ ಆರಂಭದಿಂದ ಅಳೆದ ದೂರ) ಯಾವ ಚೈನೇಜಿನವರೆಗೆ, ಎಡವೋ ಬಲವೋ, ಎಷ್ಟು ಮೀಟರ್ ಅಗಲ, ಯಾವ ದಿನಾಂಕ ಎಂಬ ಪಟ್ಟಿ ಮತ್ತು ಇಬ್ಬರ ಸಹಿ ಇರುವ ನಕ್ಷೆ ಬೇಕು.

ಎರಡನೆಯದು ಸೌಲಭ್ಯಗಳ ಸ್ಥಳಾಂತರ: ಎಸ್ಕಾಂ ಕಂಬ ಮತ್ತು ಭೂಗತ ಕೇಬಲ್, ಕುಡಿಯುವ ನೀರಿನ ಕೊಳವೆ, ಒಳಚರಂಡಿ, ಆಪ್ಟಿಕಲ್ ಫೈಬರ್. ಬೆಂಗಳೂರಿನಂತಹ ಕಡೆ ಮರ ತೆರವಿಗೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಡಿ ಮರ ಅಧಿಕಾರಿಯ ಅನುಮತಿಯೂ ಬೇಕು. ಇವನ್ನು ಮಾಡಿಸುವ ಹೊಣೆ ಯಾರದೆಂದು ಕರಾರು ಸ್ಪಷ್ಟವಾಗಿ ಹೇಳದಿದ್ದರೆ ಎರಡೂ ಕಡೆಯವರು ಇನ್ನೊಬ್ಬರದೆಂದು ಸುಮ್ಮನಿರುತ್ತಾರೆ.

ಮೂರನೆಯದು ಮಣ್ಣು. ಟೆಂಡರ್ ಜೊತೆ ಕೊಟ್ಟ ಬೋರ್ ಹೋಲ್ (ಮಣ್ಣಿನ ಪರೀಕ್ಷೆಗೆ ಕೊರೆದ ರಂಧ್ರ) ವರದಿ ಸೇತುವೆಯ ಎರಡು ದಂಡೆಯದ್ದು ಮಾತ್ರ, ನಡುವೆ ಸೇತುವೆಯನ್ನು ಹೊರುವ ಪಿಯರ್‌ಗಳಲ್ಲಿ ಏನಿದೆ ಎಂಬುದು ಪೈಲ್ ಇಳಿಸಿದ ಮೇಲೆಯೇ ತಿಳಿಯುತ್ತದೆ. 20 ಮೀಟರ್ ಎಂದುಕೊಂಡದ್ದು ಗಟ್ಟಿ ಬಂಡೆ ಸಿಗದೆ 28 ಮೀಟರ್ ಹೋದರೆ ಪರಿಮಾಣ ಶೇ. 40 ಏರಿತು. ಪರಿಮಾಣ ಶೇ. 25ಕ್ಕಿಂತ ಹೆಚ್ಚಾದರೆ ದರ ಮರುಪರಿಶೀಲನೆ ಎಂದು ಕರಾರಿನಲ್ಲಿದ್ದರೆ, ಮೊದಲ 25 ಮೀಟರಿಗೆ ಟೆಂಡರ್ ದರ, ಉಳಿದ 3 ಮೀಟರಿಗೆ ಹೊಸ ದರ. ಆ ಹೊಸ ದರ ಕೇಳಲು ದರ ವಿಶ್ಲೇಷಣೆಯನ್ನು ಆ ಪೈಲ್ ಮುಗಿದ ವಾರವೇ ಕೊಡಬೇಕು. ಅಂತಿಮ ಬಿಲ್ಲಿನ ಹೊತ್ತಿಗೆ ಕೊಟ್ಟರೆ ಅಂದಿನ ಕೊರೆಯುವ ರಿಗ್ ಬಾಡಿಗೆಗೆ, ಅದರ ಸವೆದ ಹಲ್ಲುಗಳ ಲೆಕ್ಕಕ್ಕೆ ಸಾಕ್ಷಿ ಇರುವುದಿಲ್ಲ.

ಉಳಿದ ಮೂಲಗಳು ಎಲ್ಲರಿಗೂ ಗೊತ್ತಿರುವಂಥವು: ತಡವಾಗಿ ಬರುವ ಅಥವಾ ಬಂದ ಮೇಲೆ ತಿದ್ದುಪಡಿಯಾಗುವ ನಕ್ಷೆ, ಬಾಯಿಮಾತಿನ ಹೆಚ್ಚುವರಿ ಕೆಲಸ, ಬಾಕಿ ಬಿಲ್ಲು.

ಬೆಲೆ ಏರಿಕೆಯ ಬಗ್ಗೆ ಒಂದು ಮಾತು. ಸೂತ್ರ ಇರುವ ಕರಾರುಗಳಲ್ಲಿ ಸಾಮಾನ್ಯವಾಗಿ ಬಿಲ್ಲಿನ ಶೇ. 85ಕ್ಕೆ ಮಾತ್ರ ಏರಿಕೆ ಸಿಗುತ್ತದೆ. 2 ಕೋಟಿಯ ಬಿಲ್ಲು, ಅದರಲ್ಲಿ ಸಿಮೆಂಟಿನ ಪಾಲು ಶೇ. 20, ಸೂಚ್ಯಂಕ 100ರಿಂದ 112ಕ್ಕೆ ಏರಿದೆ ಎಂದುಕೊಳ್ಳಿ. 0.85 × 0.20 × 2 ಕೋಟಿ × 0.12, ಅಂದರೆ 4.08 ಲಕ್ಷ. ಮಾರುಕಟ್ಟೆಯಲ್ಲಿ ಸಿಮೆಂಟ್ ಎಷ್ಟಕ್ಕೆ ಸಿಕ್ಕಿತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಸೂಚ್ಯಂಕವೇ ಎಲ್ಲ. ಸೂತ್ರವೇ ಇಲ್ಲದ ಕರಾರಿನಲ್ಲಿ ಆ ಅಪಾಯ ಪೂರ್ತಿ ಗುತ್ತಿಗೆದಾರನದು. ಟೆಂಡರ್ ದರ ಬರೆಯುವಾಗಲೇ ಅದನ್ನು ಅಂದಾಜು ಮಾಡಬೇಕು.

ಒಂದು ಪುಸ್ತಕದ ಮೇಲೆ ನಿಂತ ಕೋಟಿಗಳು

ಅಡಚಣೆ ರಿಜಿಸ್ಟರ್, ಸೈಟಿನ ಮಾತಿನಲ್ಲಿ ಹಿಂಡ್ರೆನ್ಸ್ ರಿಜಿಸ್ಟರ್, ಯಾವ ಸೈಟ್ ಕಚೇರಿಯಲ್ಲೂ ಅತ್ಯಂತ ನಿರ್ಲಕ್ಷ್ಯಕ್ಕೆ ಒಳಗಾದ ಪುಸ್ತಕ. ಅದರ ಕಾಲಮುಗಳು ಇವು: ಅಡಚಣೆಯ ಸ್ವರೂಪ, ಆರಂಭದ ದಿನ, ನಿವಾರಣೆಯಾದ ದಿನ, ಒಟ್ಟು ದಿನಗಳು, ಬೇರೆ ಅಡಚಣೆಯ ಜೊತೆ ಒಂದರ ಮೇಲೊಂದು ಬಿದ್ದ ದಿನಗಳು, ನಿವ್ವಳ ದಿನಗಳು, ಬಾಧಿತ ಐಟಂ, ಎರಡೂ ಕಡೆಯ ಸಹಿ.

ಏಳು ಕಿಲೋಮೀಟರ್ ರಸ್ತೆಯ ಕಾಮಗಾರಿ ಎನ್ನೋಣ. ಚೈನೇಜ್ 2.400 ಕಿ.ಮೀ.ನಿಂದ 3.100 ಕಿ.ಮೀ. ನಡುವಿನ 700 ಮೀಟರ್ ಜಮೀನು ಜನವರಿ 1ರಿಂದ ಏಪ್ರಿಲ್ 30ರವರೆಗೆ ಸಿಗಲಿಲ್ಲ: 120 ದಿನ. ಅದೇ ತುಂಡಿನಲ್ಲಿ ವಿದ್ಯುತ್ ಮಾರ್ಗ ಮಾರ್ಚ್ 1ರಿಂದ ಜೂನ್ 14ರವರೆಗೆ ಅಡ್ಡಿಯಾಗಿತ್ತು: 106 ದಿನ. ಕೂಡಿಸಿ 226 ದಿನ ಕೇಳಿದರೆ ಕ್ಲೇಮಿನ ವಿಶ್ವಾಸಾರ್ಹತೆಯೇ ಹೋಗುತ್ತದೆ, ಏಕೆಂದರೆ ಮಾರ್ಚ್ ಮತ್ತು ಏಪ್ರಿಲ್‌ನ 61 ದಿನ ಎರಡರಲ್ಲೂ ಸೇರಿವೆ. ನಿವ್ವಳ 165 ದಿನ.

ಅಸಲಿ ಜಗಳ ಶುರುವಾಗುವುದು ಇಲ್ಲಿ. 700 ಮೀಟರ್ ಎಂದರೆ ಏಳು ಕಿಲೋಮೀಟರಿನ ಹತ್ತನೇ ಒಂದು, ಹಾಗಾಗಿ 16.5 ದಿನ ಮಾತ್ರ ಎನ್ನುತ್ತದೆ ಇಲಾಖೆ. ಆ 700 ಮೀಟರಿನಲ್ಲೇ ಸೇತುವೆ ಇದೆ, ಸೇತುವೆ ಮುಗಿಯದೆ ಆಚೆ ಬದಿಗೆ ಜಲ್ಲಿ ಸಾಗುವುದಿಲ್ಲ, ಆದ್ದರಿಂದ ಇಡೀ 165 ದಿನ ಎನ್ನುತ್ತಾನೆ ಗುತ್ತಿಗೆದಾರ. ಯಾರು ಸರಿ ಎಂಬುದನ್ನು ಹೇಳಬಲ್ಲದ್ದು ಕೆಲಸದ ಆರಂಭದಲ್ಲೇ ಅನುಮೋದನೆಗೊಂಡ, ಪ್ರತಿ ತಿಂಗಳು ಪರಿಷ್ಕರಿಸಿದ ಕಾರ್ಯಕ್ರಮ ಪಟ್ಟಿ. ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುತ್ತದೆ ಎಂಬ ಸರಪಣಿ ಅದರಲ್ಲಿ ಕಾಣಬೇಕು. ಟೆಂಡರ್ ಶಾಸ್ತ್ರಕ್ಕೆಂದು ಹತ್ತು ಗೆರೆಯ ಬಾರ್ ಚಾರ್ಟ್ ಕೊಟ್ಟು ಮರೆತವರಿಗೆ ಈ ಸಾಕ್ಷಿ ಸಿಗುವುದಿಲ್ಲ.

ಮಲೆನಾಡು, ಕರಾವಳಿಯಲ್ಲಿ ಇನ್ನೊಂದು ಪದರವಿದೆ. ಹೊಳೆಯೊಳಗಿನ ಅಡಿಪಾಯ ಮುಗಿಸಬೇಕಾದದ್ದು ಬೇಸಿಗೆಯಲ್ಲಿ. ಜಮೀನು ಫೆಬ್ರವರಿಯ ಬದಲು ಮೇ ಕೊನೆಗೆ ಸಿಕ್ಕರೆ ಅಡಚಣೆ ಮೂರೇ ತಿಂಗಳು, ಆದರೆ ಜೂನ್‌ನಲ್ಲಿ ಹೊಳೆ ತುಂಬಿದ ಮೇಲೆ ನೀರು ಇಳಿಯುವುದು ನವೆಂಬರ್ ಹೊತ್ತಿಗೆ. ನಷ್ಟವಾದದ್ದು ಒಂದು ಇಡೀ ಹಂಗಾಮು. ಈ ಪರಿಣಾಮವನ್ನು ಫೆಬ್ರವರಿಯಲ್ಲೇ ಪತ್ರದಲ್ಲಿ ಬರೆದಿದ್ದರೆ ಅದು ಮುನ್ನೆಚ್ಚರಿಕೆ, ಡಿಸೆಂಬರ್‌ನಲ್ಲಿ ಬರೆದರೆ ಸಬೂಬಿನಂತೆ ಕೇಳುತ್ತದೆ. ಮುನ್ನೆಚ್ಚರಿಕೆ ಇಲಾಖೆಗೂ ಉಪಕಾರಿ. ಆ ಪತ್ರ ಕೈಗೆ ಬಂದಾಗ ಕಾರ್ಯಪಾಲಕ ಎಂಜಿನಿಯರ್ ಉಳಿದೆಲ್ಲ ತುಂಡು ಬಿಟ್ಟು ಆ ಒಂದು ಜಮೀನಿನ ಹಿಂದೆ ಬೀಳಬಹುದು.

ರಿಜಿಸ್ಟರಿಗೆ ಸಹಿ ಹಾಕಲು ಕಿರಿಯ ಎಂಜಿನಿಯರುಗಳು ಹಿಂಜರಿಯುತ್ತಾರೆ, ಸಹಿ ಹಾಕಿದರೆ ಇಲಾಖೆಯ ತಪ್ಪು ಒಪ್ಪಿದಂತೆ ಎಂಬ ಭಾವನೆ. ಇದು ತಿರುಗುಬಾಣವಾಗುತ್ತದೆ. ಇಲಾಖೆಯ ಬಳಿ ದಾಖಲೆಯೇ ಇಲ್ಲದಿದ್ದರೆ ಪೀಠದ ಮುಂದೆ ಉಳಿಯುವುದು ಗುತ್ತಿಗೆದಾರನ ಡೈರಿ, ಅವನ ಫೋಟೊ, ಅವನ ಪತ್ರ. ದಿನಾಂಕವನ್ನು ಒಪ್ಪಿ, ಕಾರಣದ ಬಗ್ಗೆ ಭಿನ್ನಾಭಿಪ್ರಾಯವಿದ್ದರೆ ಅದನ್ನೂ ಪಕ್ಕದಲ್ಲಿ ಬರೆದು ಸಹಿ ಹಾಕುವುದೇ ಇಲಾಖೆಯನ್ನು ಕಾಪಾಡುವ ದಾರಿ.

ನೋಟಿಸಿನ ಗಡುವು

ವಿಶ್ವ ಬ್ಯಾಂಕ್, ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್), ಜೈಕಾ (ಜಪಾನಿನ ಸಹಕಾರ ಸಂಸ್ಥೆ) ಸಾಲದ ಕಾಮಗಾರಿಗಳಲ್ಲಿ ಬಳಕೆಯಲ್ಲಿರುವ ಫಿಡಿಕ್ (ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾದರಿ ಕರಾರಿನ ಪ್ರಕಾರ, ಕ್ಲೇಮಿಗೆ ಕಾರಣವಾದ ಘಟನೆ ತಿಳಿದ 28 ದಿನದೊಳಗೆ ನೋಟಿಸು ಕೊಡಬೇಕು. ವಿವರವಾದ ಕ್ಲೇಮಿಗೆ 1999ರ ಆವೃತ್ತಿಯಲ್ಲಿ 42 ದಿನ, 2017ರದ್ದರಲ್ಲಿ 84 ದಿನ. ದೇಶೀಯ ಕರಾರುಗಳಲ್ಲಿ ಗಡುವು ಇನ್ನೂ ಚಿಕ್ಕದಿರುವುದುಂಟು. ಹಕ್ಕು ಚಲಾಯಿಸುವ ಕಾಲವನ್ನು ಮೊಟಕುಗೊಳಿಸುವ ಷರತ್ತು ಕರಾರು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಅನೂರ್ಜಿತ ಎಂಬ ವಾದ ಇದೆ. ಆ ವಾದವನ್ನು ನೆಚ್ಚಿಕೊಂಡು ಗಡುವು ಮೀರುವುದು ಅಪಾಯಕರ.

ನೋಟಿಸಿನಲ್ಲಿ ಮೊತ್ತ ಇರಲೇಬೇಕೆಂದಿಲ್ಲ. ಘಟನೆ, ದಿನಾಂಕ, ಕರಾರಿನ ಯಾವ ಕಲಮು, ಯಾವ ಕೆಲಸ ನಿಂತಿದೆ, ಯಾವ ಯಂತ್ರ ಮತ್ತು ಎಷ್ಟು ಮಂದಿ ಸುಮ್ಮನೆ ಕೂತಿದ್ದಾರೆ, ಹೆಚ್ಚುವರಿ ಕಾಲವೂ ಹಣವೂ ಕೇಳುತ್ತಿದ್ದೇವೆ ಎಂಬ ಸ್ಪಷ್ಟ ವಾಕ್ಯ. ಇಷ್ಟಿದ್ದರೆ ಸಾಕು. ಬಾಯಿಮಾತಿನ ಆದೇಶ ಬಂದರೆ ಅದೇ ದಿನ ‘ಇಂದು ಸೈಟಿನಲ್ಲಿ ಹೀಗೆ ಸೂಚಿಸಿದಿರಿ, ಅದರಂತೆ ಆರಂಭಿಸುತ್ತಿದ್ದೇವೆ’ ಎಂದು ಇಮೇಲ್ ಕಳಿಸಬೇಕು.

ಕಾಲಾವಧಿ ವಿಸ್ತರಣೆ ಪಡೆಯುವಾಗ ಬಹಳ ಮಂದಿ ಎಡವುತ್ತಾರೆ. ದಂಡ ತಪ್ಪಿದರೆ ಸಾಕು ಎಂದು ‘ಹೆಚ್ಚುವರಿ ಹಣ ಕೇಳುವುದಿಲ್ಲ’ ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಡುತ್ತಾರೆ. ಕರಾರು ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ತಡವಾದ ನೆರವೇರಿಕೆಯನ್ನು ಒಪ್ಪಿಕೊಳ್ಳುವವನು ಆ ಹೊತ್ತಿನಲ್ಲೇ ಪರಿಹಾರ ಕೇಳುವ ಇರಾದೆ ತಿಳಿಸದಿದ್ದರೆ ಆಮೇಲೆ ಕೇಳುವಂತಿಲ್ಲ. ಈ ಕತ್ತಿಗೆ ಎರಡೂ ಬದಿ ಅಲಗಿದೆ. ಗುತ್ತಿಗೆದಾರ ವಿಸ್ತರಣೆ ಒಪ್ಪುವಾಗ ತನ್ನ ಹಣದ ಹಕ್ಕು ಕಾಯ್ದಿರಿಸಬೇಕು, ಇಲಾಖೆ ವಿಸ್ತರಣೆ ಕೊಡುವಾಗ ದಂಡದ ಹಕ್ಕು ಕಾಯ್ದಿರಿಸಬೇಕು.

ಮೊತ್ತ ಹೇಗೆ ಬಿದ್ದುಹೋಗುತ್ತದೆ

ತಡವಾದದ್ದು ಸಾಬೀತಾದರೂ ಮೊತ್ತ ಸಾಬೀತಾಗದೆ ಸೋಲುವ ಕ್ಲೇಮುಗಳು ಬಹಳ. ಕಚೇರಿ ವೆಚ್ಚ ಮತ್ತು ಕೈತಪ್ಪಿದ ಲಾಭಕ್ಕೆ ಎಲ್ಲರೂ ಹಡ್ಸನ್ ಸೂತ್ರ, ಅಂದರೆ ಕರಾರಿನ ಮೊತ್ತ ಮತ್ತು ಅವಧಿಯಿಂದ ವಿಳಂಬದ ನಷ್ಟ ಎಣಿಸುವ ಸೂತ್ರ, ಹಿಡಿಯುತ್ತಾರೆ. 60 ಕೋಟಿಯ, 24 ತಿಂಗಳ ಕೆಲಸ, ವೆಚ್ಚ ಮತ್ತು ಲಾಭ ಶೇ. 10, ವಿಳಂಬ ಎಂಟು ತಿಂಗಳು. ತಿಂಗಳಿಗೆ 2.5 ಕೋಟಿ, ಅದರ ಶೇ. 10 ಎಂದರೆ 25 ಲಕ್ಷ, ಎಂಟು ತಿಂಗಳಿಗೆ 2 ಕೋಟಿ.

ಈ ಲೆಕ್ಕದಲ್ಲಿ ಎರಡು ದೋಷಗಳಿವೆ. 60 ಕೋಟಿಯೊಳಗೆ ಆ ಶೇ. 10 ಆಗಲೇ ಸೇರಿದೆ, ಲಾಭದ ಮೇಲೆ ಲಾಭ ಹಾಕಿದಂತಾಯಿತು. ಅದನ್ನು ಬಿಡಿಸಿದರೆ ಆಧಾರ ಮೊತ್ತ 54.5 ಕೋಟಿ, ಕ್ಲೇಮು ಸುಮಾರು 1.82 ಕೋಟಿ. ಎರಡನೆಯದಾಗಿ, ಆ ಎಂಟು ತಿಂಗಳಲ್ಲೂ ಅಷ್ಟಿಷ್ಟು ಕೆಲಸ ನಡೆದು ಬಿಲ್ಲಾಗಿದ್ದರೆ ಅದರಲ್ಲಿ ಬಂದ ವೆಚ್ಚ ಮತ್ತು ಲಾಭದ ಪಾಲನ್ನು ಕಳೆಯಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬಾಟ್ಲಿಬಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂತಹ ಸೂತ್ರಗಳ ಮಿತಿಯನ್ನೂ ಎರಡೆರಡು ಬಾರಿ ಎಣಿಸುವ ತಪ್ಪನ್ನೂ ಬಿಡಿಸಿ ಹೇಳಿತು, ತೀರ್ಪು ಉಳಿಯಲಿಲ್ಲ. ಮರುತಿಂಗಳೇ ಯುನಿಬ್ರೋಸ್ ಪ್ರಕರಣದಲ್ಲಿ, ಸೂತ್ರವೊಂದನ್ನೇ ತೋರಿಸಿ ಕೈತಪ್ಪಿದ ಲಾಭ ಕೇಳುವಂತಿಲ್ಲ, ಈ ಕೆಲಸದಲ್ಲಿ ಸಿಕ್ಕಿಬಿದ್ದದ್ದರಿಂದ ಬೇರೆ ಲಾಭದ ಅವಕಾಶ ಕೈತಪ್ಪಿತು ಎಂಬುದಕ್ಕೆ ನಂಬಲರ್ಹ ಸಾಕ್ಷ್ಯ ಬೇಕು ಎಂದಿತು.

ಅಂದರೆ ಇಟ್ಟುಕೊಳ್ಳಬೇಕಾದದ್ದು: ಅದೇ ಅವಧಿಯಲ್ಲಿ ಬಂದು ಯಂತ್ರಗಳಿಲ್ಲದೆ ಬಿಟ್ಟ ಟೆಂಡರಿನ ಪತ್ರವ್ಯವಹಾರ, ಲೆಕ್ಕಪರಿಶೋಧಿತ ಆಯವ್ಯಯ, ಬ್ಯಾಚಿಂಗ್ ಪ್ಲಾಂಟ್ ಮತ್ತು ಕ್ರೇನಿನ ಲಾಗ್ ಬುಕ್, ಡೀಸೆಲ್ ವಿತರಣೆ ರಿಜಿಸ್ಟರ್, ಹಾಜರಿ ಪಟ್ಟಿ, ಭವಿಷ್ಯನಿಧಿ ಚಲನ್. ನಿಂತ ಯಂತ್ರಕ್ಕೆ ಪೂರ್ತಿ ಬಾಡಿಗೆ ದರ ಕೇಳುವುದೂ ತಪ್ಪು. ಅದು ಡೀಸೆಲ್ ಕುಡಿದಿಲ್ಲ, ಟೈರು ಸವೆಸಿಲ್ಲ. ಸ್ವಂತ ಯಂತ್ರವಾದರೆ ಸವಕಳಿ, ಸಾಲದ ಬಡ್ಡಿ, ವಿಮೆ, ಚಾಲಕನ ಸಂಬಳ ಇವೇ ನಿಜವಾದ ನಷ್ಟ.

ಇಲಾಖೆಯ ಕಡೆಯ ತಪ್ಪುಗಳು

ತಡವಾಯಿತು ಎಂದ ಕೂಡಲೇ ಗರಿಷ್ಠ ಶೇ. 10 ದಂಡ ಹಾಕಿ ಬಿಲ್ಲಿನಲ್ಲಿ ಮುರಿದುಕೊಳ್ಳುವುದು ಇಲಾಖೆಗಳ ವಾಡಿಕೆ. ತೀರ್ಥಹಳ್ಳಿಯ ಅಕ್ಕಿ ಗಿರಣಿಯೊಂದರ ಪ್ರಕರಣದಲ್ಲಿ 1987ರಲ್ಲೇ ಸುಪ್ರೀಂ ಕೋರ್ಟ್ ಕರ್ನಾಟಕ ಸರ್ಕಾರಕ್ಕೆ ಒಂದು ಮಾತು ಹೇಳಿದೆ: ಕರಾರು ಉಲ್ಲಂಘನೆ ಆಗಿದೆಯೇ ಎಂಬುದೇ ವಿವಾದವಾಗಿದ್ದಾಗ, ಕರಾರಿನ ಒಂದು ಪಕ್ಷವೇ ನ್ಯಾಯಾಧೀಶನ ಸ್ಥಾನದಲ್ಲಿ ಕೂರುವಂತಿಲ್ಲ. ಅದು ಅಕ್ಕಿ ಮಾಡಿಸುವ ಕರಾರು, ಆದರೆ ಆ ತತ್ವ ಕಟ್ಟಡ ಕಾಮಗಾರಿಗಳಿಗೂ ಅನ್ವಯವಾಗಿದೆ. 2015ರ ಕೈಲಾಶ್‌ನಾಥ್ ತೀರ್ಪಿನ ಪ್ರಕಾರ, ನಷ್ಟವೇ ಆಗಿಲ್ಲದಿದ್ದರೆ ಮೊದಲೇ ನಿಗದಿಯಾದ ಪರಿಹಾರವೂ ಸಿಗದು. ಹಾಗಾಗಿ ಇಲಾಖೆಯೂ ತನ್ನ ನಷ್ಟದ ದಾಖಲೆ ಇಡಬೇಕು: ತಪ್ಪಿಹೋದ ಟೋಲ್, ಬಾಡಿಗೆ ಕಟ್ಟಡದ ಹೆಚ್ಚುವರಿ ಬಾಡಿಗೆ, ಮುಂದುವರಿದ ಸಲಹೆಗಾರರ ಶುಲ್ಕ.

ಹೊಸ ಜ್ಞಾಪನದ ಹಿನ್ನೆಲೆಯಲ್ಲಿ ಇನ್ನೊಂದು ಎಚ್ಚರ ಬೇಕು. ಆರ್ಬಿಟ್ರೇಷನ್ ಎಂಬ ಪದ ಅಳಿಸಿ, ‘ಅಧೀಕ್ಷಕ ಎಂಜಿನಿಯರರ ತೀರ್ಮಾನ ಅಂತಿಮ’ ಎಂದು ಉಳಿಸಿಕೊಂಡರೆ ಸಮಸ್ಯೆ ಮುಗಿಯಿತೆಂದು ತಿಳಿಯಬಾರದು. ಗುಲ್ಬರ್ಗ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಅಂತಹ ಕಲಮನ್ನೇ ಸುಪ್ರೀಂ ಕೋರ್ಟ್ ಆರ್ಬಿಟ್ರೇಷನ್ ಒಪ್ಪಂದವೆಂದು ಪರಿಗಣಿಸಿತ್ತು. ಆದರೆ ಆರ್ಬಿಟ್ರೇಷನ್ ಕಾಯ್ದೆಯ 2015ರ ತಿದ್ದುಪಡಿಯ ನಂತರ ಇಲಾಖೆಯ ನೌಕರ ಆರ್ಬಿಟ್ರೇಟರ್ ಆಗುವಂತಿಲ್ಲ, 2024ರ ನವೆಂಬರ್‌ನ ಸಂವಿಧಾನ ಪೀಠದ ತೀರ್ಪಿನ ಬಳಿಕ ಒಂದೇ ಪಕ್ಷ ಏಕೈಕ ಆರ್ಬಿಟ್ರೇಟರನ್ನು ನೇಮಿಸುವಂತೆಯೂ ಇಲ್ಲ. ಅರೆಬರೆ ತಿದ್ದಿದ ಕಲಮು, ಜಗಳ ಯಾವ ವೇದಿಕೆಯಲ್ಲಿ ನಡೆಯಬೇಕು ಎಂಬುದರ ಮೇಲೇ ವರ್ಷಗಟ್ಟಲೆ ಜಗಳ ಹುಟ್ಟಿಸುತ್ತದೆ.

ಅಂತಿಮ ಬಿಲ್ಲು, ಆಮೇಲೆ ಕೋರ್ಟು

‘ಪೂರ್ಣ ಮತ್ತು ಅಂತಿಮವಾಗಿ ಪಡೆದಿದ್ದೇನೆ, ಬೇರೆ ಕ್ಲೇಮು ಇಲ್ಲ’ ಎಂದು ಬರೆಸಿಕೊಂಡ ನಂತರವೇ ಹಣ ಬಿಡುವ ಪದ್ಧತಿ ಹಲವು ಕಡೆ ಇದೆ. ಒತ್ತಡದಲ್ಲಿ ಹಾಕಿದ ಸಹಿಗೆ ಬೆಲೆಯಿಲ್ಲ ಎಂದು ಕೋರ್ಟುಗಳು ಹೇಳಿವೆ, ಆದರೆ ಒತ್ತಡವನ್ನು ಸಾಬೀತು ಮಾಡುವ ಹೊಣೆ ಸಹಿ ಹಾಕಿದವನದು. ಸಹಿಗೆ ಮೊದಲೇ ಬಾಕಿ ಕ್ಲೇಮುಗಳ ಪಟ್ಟಿ ಕೊಟ್ಟು ಸ್ವೀಕೃತಿ ಪಡೆದಿರಬೇಕು, ಹಣ ಬಂದ ಕೆಲವೇ ದಿನಗಳಲ್ಲಿ ಲಿಖಿತ ಆಕ್ಷೇಪ ಹೋಗಿರಬೇಕು.

ಆರ್ಬಿಟ್ರೇಷನ್ ಇಲ್ಲದಿದ್ದರೆ ದಾರಿ ಹೀಗಿದೆ. ಸರ್ಕಾರದ ವಿರುದ್ಧ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಪ್ರಕಾರ ಎರಡು ತಿಂಗಳ ನೋಟಿಸು. ನಿರ್ಮಾಣ ಕರಾರುಗಳು ವಾಣಿಜ್ಯ ವ್ಯಾಜ್ಯಗಳಾದ್ದರಿಂದ, ತುರ್ತು ಪರಿಹಾರ ಬೇಕಿಲ್ಲದಿದ್ದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಪ್ರಕಾರ ದಾವೆಗೆ ಮುನ್ನ ಸಂಧಾನ ಕಡ್ಡಾಯ. ಆಮೇಲೆ ದಾವೆ. ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಇಲಾಖೆಗೆ ಮೇಲಿಂದ ಮೇಲೆ ನೆನಪೋಲೆ ಬರೆದರೆ ಆ ಕಾಲ ಬೆಳೆಯುವುದಿಲ್ಲ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ನಂಬಿ ಕೂತು ಒಳ್ಳೆಯ ಕ್ಲೇಮು ಕಳೆದುಕೊಳ್ಳುವ ಅಪಾಯ ಇಲ್ಲಿ ದೊಡ್ಡದು.

ಮುಂದೆ ಆಗಬಹುದಾದದ್ದು

ವ್ಯಾಜ್ಯದ ಮೌಲ್ಯವನ್ನು ಗೆರೆಯಾಗಿಸಿದ್ದರಿಂದ ಒಂದು ಹೊಸ ಆಟ ಶುರುವಾಗುವ ಸಾಧ್ಯತೆ ಇದೆ. ಆರ್ಬಿಟ್ರೇಷನ್ ಬೇಕೆನ್ನುವವನು 14 ಕೋಟಿಯ ಕ್ಲೇಮನ್ನು ಎರಡಾಗಿ ಸೀಳುತ್ತಾನೆ, ಬೇಡವೆನ್ನುವವನು ಉಬ್ಬಿಸುತ್ತಾನೆ. ಬಡ್ಡಿ ಸೇರಿ ಹತ್ತು ಕೋಟಿಯೇ, ಬಿಟ್ಟೇ? ಇಲಾಖೆಯ ಪ್ರತಿಕ್ಲೇಮು ಸೇರುತ್ತದೆಯೇ? ಕರಾರು ಬರೆಯುವವರು ಇದನ್ನು ಸ್ಪಷ್ಟಪಡಿಸದಿದ್ದರೆ ಮೊದಲ ವರ್ಷ ಈ ಪ್ರಶ್ನೆಗೇ ಹೋಗುತ್ತದೆ. ಸಂಧಾನದ ಯಶಸ್ಸೂ, ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರಿಗೆ ರಕ್ಷಣೆ ಸಿಗುತ್ತದೆಯೇ ಎಂಬುದರ ಮೇಲೆಯೇ ನಿಂತಿದೆ. ಆರ್ಬಿಟ್ರೇಷನ್ ತೀರ್ಪನ್ನೇ ಒಪ್ಪಲು ಹೆದರುವ ಅಧಿಕಾರಿ, ತಾನೇ ಕೂತು ಮಾತಾಡಿ ಒಪ್ಪಿದ ಮೊತ್ತಕ್ಕೆ ಇನ್ನೂ ಹೆಚ್ಚು ಹೆದರುತ್ತಾನೆ.

ಗುತ್ತಿಗೆದಾರರಿಗೆ ಸದ್ಯಕ್ಕೆ ಕೈಯಲ್ಲಿರುವ ಗಟ್ಟಿ ಅವಕಾಶ, ಟೆಂಡರ್ ಸಲ್ಲಿಸುವ ಮೊದಲು ನಡೆಯುವ ಪ್ರಿ-ಬಿಡ್ ಸಭೆ. ಅಲ್ಲಿ ಲಿಖಿತವಾಗಿ ಕೇಳಬೇಕಾದದ್ದು: ವ್ಯಾಜ್ಯದ ಕಲಮು ಯಾವುದು ಮತ್ತು ಹತ್ತು ಕೋಟಿಯ ಲೆಕ್ಕ ಹೇಗೆ, ಇಂದಿನ ದಿನಕ್ಕೆ ಕೈಯಲ್ಲಿರುವ ಜಮೀನಿನ ಚೈನೇಜುವಾರು ಪಟ್ಟಿ, ಸೌಲಭ್ಯ ಸ್ಥಳಾಂತರದ ಹಣವನ್ನು ಆಯಾ ಸಂಸ್ಥೆಗೆ ಕಟ್ಟಿದ್ದಾರೆಯೇ, ಪ್ರತಿ ಪಿಯರ್‌ಗೂ ಬೋರ್ ಹೋಲ್ ಇದೆಯೇ, ಬೆಲೆ ಏರಿಕೆ ಸೂತ್ರ ಉಂಟೇ, ವಿಳಂಬ ದಂಡದ ಮಿತಿ ಎಷ್ಟು. ಕೊಟ್ಟ ಉತ್ತರವನ್ನು ಟೆಂಡರ್ ತಿದ್ದುಪಡಿಯಾಗಿ ಪ್ರಕಟಿಸಿದರೆ ಮತ್ತು ಆ ಪುಟಗಳು ಕರಾರಿನ ಭಾಗವೆಂದು ಸಹಿ ಬಿದ್ದರೆ ಮಾತ್ರ ಅದಕ್ಕೆ ಬೆಲೆ. ಉತ್ತರ ಬಾರದ ಪ್ರಶ್ನೆಗೆ ತಗಲುವ ಮೊತ್ತವನ್ನು ದರ ಬರೆಯುವ ಮೊದಲೇ ಲೆಕ್ಕ ಹಾಕಿ ಸೇರಿಸಬೇಕು, ಇಲ್ಲವೇ ಆ ಟೆಂಡರ್ ಬಿಡಬೇಕು.